ಕೆಂಪು ತೆಗೆಯುವವನು

ಎಷ್ಟು ತಿರುಗಿಸಿದರೂ ಕೆಂಪು ಮರೆಗೆ ಹೋಗಲಿಲ್ಲ. ಮನೋಹರ ಮೌಸ್ ಹಿಡಿದು ಪರದೆಯ ಮೇಲಿನ ಕಬ್ಬಿಣದ ತುಂಡನ್ನು ಎಡಕ್ಕೆ ಹೊರಳಿಸಿದ, ಬಲಕ್ಕೆ ಹೊರಳಿಸಿದ, ತಲೆಕೆಳಗು ಮಾಡಿದ. ಬೆಸುಗೆಯ ಮೂಲೆಯಲ್ಲಿ ಉಗುರಿನಗಲದ ಆ ಕೆಂಪು ಎಲ್ಲ ದಿಕ್ಕಿನಿಂದಲೂ ಕಾಣುತ್ತಿತ್ತು.

"ಅದೇನ್ರೀ ಅದು, ಗಾಯ ಆದಂಗೈತೆ?"

ಬೆನ್ನ ಹಿಂದೆ ನಿಂತಿದ್ದವರು ಚನ್ನಬಸವಯ್ಯ, ಕಂಪನಿಯ ಮಾಲೀಕರು. ಅವರು ಜಗಿಯುತ್ತಿದ್ದ ಏಲಕ್ಕಿಯ ವಾಸನೆ ಮನೋಹರನ ಕಿವಿಯ ಹತ್ತಿರಕ್ಕೇ ಬರುತ್ತಿತ್ತು.

"ಬೆಸುಗೆ ಸಾರ್. ಅಲ್ಲಿ ಜಾಸ್ತಿ ಇದೆ."

"ಏನು ಜಾಸ್ತಿ?"

"ಕಬ್ಬಿಣದ ಮೇಲೆ ಬೀಳೋ ಒತ್ತಡ."

"ಬುಡಿ ಅತ್ಲಾಗೆ. ಬಸ್ ಕಂಪ್ನಿ ರುದ್ರಪ್ರಸಾದ್ ಊಟ ಮುಗಿಸ್ಕಂಡು ಬತ್ತಾವ್ರೆ. ಅಷ್ಟ್ರೊಳಗೆ ತೆಗೆದ್ಬುಡಿ."

ಕಾಲಿಗೆ ಚುಚ್ಚಿದ ಮುಳ್ಳನ್ನು ತೆಗೆಯಲು ಹೇಳುವಷ್ಟು ಸಲೀಸಾಗಿ ಹೇಳಿದರು. ಮನೋಹರ ಆ ತುಂಡನ್ನು ಇನ್ನೊಂದು ಸುತ್ತು ತಿರುಗಿಸಿದ.

ಅದು ಬಸ್ಸಿನ ಹಿಂಬಾಗಿಲ ಫುಟ್‌ಬೋರ್ಡನ್ನು ಹೊರುವ ಬ್ರಾಕೆಟ್. ಹಾರೋಹಳ್ಳಿಯ ಸುತ್ತ ಗಾರ್ಮೆಂಟ್ಸ್‌ಗಳು ಒಂದರ ಬೆನ್ನಿಗೊಂದು ಬಂದ ಮೇಲೆ, ಮರಳವಾಡಿ, ಕನಕಪುರದ ಕಡೆಯ ಹೆಂಗಸರನ್ನು ತುಂಬಿಕೊಂಡು ಬರಲು ಬಸ್ಸುಗಳು ಬೇಕಾದವು. ಬಸ್ಸು ಕಟ್ಟುವ ಕಂಪನಿಯೊಂದು ಬ್ರಾಕೆಟ್ಟಿನ ಕೆಲಸವನ್ನು ಚನ್ನಬಸವಯ್ಯನವರಿಗೆ ಕೊಟ್ಟು, ಜನ ತುಂಬಿ ನಿಂತರೂ ತಡೆಯುತ್ತದೆ ಎಂದು ಕಂಪ್ಯೂಟರಿನಲ್ಲಿ ತೋರಿಸಿ ಎಂದಿತ್ತು. ಮನೋಹರ ಚಿತ್ರ ಬಿಡಿಸಿ, ಜನರ ಭಾರ ಹಾಕಿ, ಲೆಕ್ಕ ಓಡಿಸಿದ. ಆ ಕಬ್ಬಿಣ ತಡೆಯುವ ಒತ್ತಡ ಇನ್ನೂರೈವತ್ತು ಮೆಗಾಪಾಸ್ಕಲ್. ಮೂಲೆಯಲ್ಲಿ ಬಂದದ್ದು ಮುನ್ನೂರ ಹತ್ತು.

ಇವತ್ತೇ ಮುರಿಯುವುದಿಲ್ಲ. ಕೆಲವು ತಿಂಗಳು ಜನ ಹತ್ತಿ ಇಳಿದು, ಹತ್ತಿ ಇಳಿದು, ಆ ಮೂಲೆ ಕೂದಲೆಳೆಯಷ್ಟು ಬಿರಿಯುತ್ತದೆ. ಬಿರುಕು ಬೆಳೆಯುತ್ತದೆ. ಆಮೇಲೆ ಯಾವತ್ತೋ ಒಂದು ದಿನ, ಬಸ್ಸು ಓಡುತ್ತಿರುವಾಗಲೇ, ಫುಟ್‌ಬೋರ್ಡ್ ತನ್ನ ಮೇಲೆ ನಿಂತವರ ಸಮೇತ ಕಳಚಿಕೊಳ್ಳುತ್ತದೆ.

ಪರಿಹಾರ ಕಷ್ಟದ್ದೇನಲ್ಲ. ಮೂಲೆಗೆ ಅಂಗೈಯಷ್ಟು ದೊಡ್ಡ ತ್ರಿಕೋನದ ಪ್ಲೇಟೊಂದನ್ನು ಬೆಸೆದರೆ ಸಾಕು. ಆದರೆ ಬ್ರಾಕೆಟ್ಟುಗಳೆಲ್ಲ ಆಗಲೇ ತಯಾರಾಗಿ, ಕಪ್ಪು ಬಣ್ಣ ಬಳಿಸಿಕೊಂಡು, ಶೆಡ್ಡಿನಲ್ಲಿ ಸಾಲಾಗಿ ಕೂತಿದ್ದವು. ಮೊದಲು ಮಾಲು ಮಾಡಿ ಆಮೇಲೆ ಲೆಕ್ಕ ಹಾಕುವುದು ಇಲ್ಲಿನ ಪದ್ಧತಿ. ಲಗ್ನಪತ್ರಿಕೆ ಹಂಚಿದ ಮೇಲೆ ಜಾತಕ ತೋರಿಸಿದ ಹಾಗೆ. ಆಗ ಜೋಯಿಸರು ಹೇಳಬೇಕಾದ್ದು ಏನೆಂದು ಎಲ್ಲರಿಗೂ ಗೊತ್ತಿರುತ್ತದೆ, ಜೋಯಿಸರಿಗೂ ಕೂಡ.

"ಸಾರ್, ಇದು ಆ ಥರದ ಕೆಂಪಲ್ಲ," ಎಂದ ಮನೋಹರ.

"ಕೆಂಪ್ನಲ್ಲಿ ಎಷ್ಟ್ ಥರ ಐತ್ರೀ?"

"ಇದು ನಿಜವಾದದ್ದು."

"ಅವತ್ತು ನೀವೇ ಯೋಳಿದ್ರಲ್ಲ, ಕೆಂಪು ಅಂದ್ರೆ ಇರಾದ್ರಲ್ಲಿ ಜಾಸ್ತಿ ಅಷ್ಟೇಯ ಅಂತ?"

"ಅವತ್ತಿಂದು ಬೇರೆ."

"ಅದೇ ಕಂಪ್ಯೂಟ್ರು, ಅದೇ ನೀವು, ಅದೇ ನಾನು. ಬ್ಯಾರೆ ಎಂಗಾದದು?" ಚನ್ನಬಸವಯ್ಯ ಅವನ ಭುಜ ತಟ್ಟಿದರು. "ನಿಮ್ ಮ್ಯಾಲೆ ನಂಗೆ ನಂಬ್ಕೆ ಐತೆ."

ಬೈದಿದ್ದರೆ ಚೆನ್ನಾಗಿರುತ್ತಿತ್ತು. ಬೈಗುಳಕ್ಕೆ ಎದುರಾಡಬಹುದು, ನಂಬಿಕೆಗೆ ಏನು ಮಾಡುವುದು? ಚನ್ನಬಸವಯ್ಯ ಹೊರಟುಹೋದರು. ಏಲಕ್ಕಿಯ ವಾಸನೆ ಸ್ವಲ್ಪ ಹೊತ್ತು ಅಲ್ಲೇ ನಿಂತಿತ್ತು.

ಅವತ್ತಿನ ಆ ಕಥೆ ಇಷ್ಟೇ. ಚನ್ನಬಸವಯ್ಯ ಮಾಗಡಿಯಲ್ಲಿ ಗೇಟು, ಕಿಟಕಿ ಗ್ರಿಲ್ಲು ಮಾಡುತ್ತಿದ್ದವರು. ಹಾರೋಹಳ್ಳಿಗೆ ಬಂದು ಶೆಡ್ಡು ಹಾಕಿ, ಕಾಲ ಬದಲಾಗಿದೆ ಎಂದು ಯಾರೋ ಹೇಳಿದ್ದಕ್ಕೆ ಕಂಪ್ಯೂಟರ್ ತಂದು, ಎಂ.ಟೆಕ್. ಮಾಡಿದ್ದ ಮನೋಹರನನ್ನು ಅದರ ಮುಂದೆ ಕೂರಿಸಿ, ಕೋಣೆಯ ಬಾಗಿಲಿಗೆ 'ಡಿಸೈನ್ ಸೆಂಟರ್' ಎಂದು ಬೋರ್ಡು ಹಾಕಿಸಿದರು. ಮೊದಲ ಕೆಲಸ ಗೋಡೌನಿಗೆ ಒಂದು ರ್ಯಾಕು. ಆನೆ ಹತ್ತಿದರೂ ಜಗ್ಗದ ರ್ಯಾಕು. ಆದರೂ ಚಿತ್ರದಲ್ಲಿ ಒಂದು ಕಡೆ ಕೆಂಪು ಬಂತು, ಗಿರಾಕಿ ಗಾಬರಿಬಿದ್ದ. ಮನೋಹರ ತಾಳ್ಮೆಯಿಂದ ವಿವರಿಸಿದ: ಸಾಫ್ಟ್‌ವೇರಿಗೆ ಅಪಾಯ ಗೊತ್ತಿಲ್ಲ, ಇರುವುದರಲ್ಲಿ ಯಾವುದು ಹೆಚ್ಚೋ ಅದಕ್ಕೆ ಅದು ತಾನಾಗಿಯೇ ಕೆಂಪು ಬಳಿಯುತ್ತದೆ, ಹತ್ತು ಹೆಚ್ಚಾದರೆ ಹತ್ತಕ್ಕೆ, ಸಾವಿರ ಹೆಚ್ಚಾದರೆ ಸಾವಿರಕ್ಕೆ. ಯಾವ ಬಣ್ಣಕ್ಕೆ ಎಷ್ಟು ಒತ್ತಡ ಎಂದು ತೋರಿಸುವ, ಚಿತ್ರದ ಪಕ್ಕದ ಬಣ್ಣದ ಪಟ್ಟಿಯ ಮೇಲಿನ ಮಿತಿಯನ್ನು ಕಬ್ಬಿಣ ತಡೆಯುವ ಮಟ್ಟಕ್ಕೆ ಏರಿಸಿದ. ಕೆಂಪು ಮಾಯವಾಗಿ ಇಡೀ ರ್ಯಾಕು ನೀಲಿಯಾಯಿತು. ಅವತ್ತು ಅವನು ಹೇಳಿದ್ದು ಅಕ್ಷರಶಃ ಸತ್ಯ.

ಅಂದಿನಿಂದ ಚನ್ನಬಸವಯ್ಯ ಬಂದವರಿಗೆಲ್ಲ "ಇವ್ರು ನಮ್ ಮನೋಹರ್, ಕೆಂಪು ತೆಗೀತಾರೆ" ಎಂದು ಪರಿಚಯ ಮಾಡಿಕೊಡತೊಡಗಿದರು, ಹಲ್ಲಿನ ಡಾಕ್ಟರನ್ನು ಪರಿಚಯಿಸುವ ಹಾಗೆ. ಮನೋಹರನಿಗೆ ಅದರಿಂದ ಖುಷಿಯಾಗಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಮ್ಮೆ ಊಟದ ಹೊತ್ತಿನಲ್ಲಿ "ಕೆಂಪು ಅನ್ನೋದು ಒಂದು ಅಭಿಪ್ರಾಯ, ಅಷ್ಟೆ" ಎಂದು ಗಂಭೀರವಾಗಿ ಹೇಳಿ, ಅದು ಯಾರಿಗೂ ಅರ್ಥವಾಗದಿದ್ದಾಗ ಇನ್ನಷ್ಟು ಖುಷಿಪಟ್ಟಿದ್ದ.

ಈಗ ಅಭಿಪ್ರಾಯ ಪರದೆಯ ಮೇಲೆ ಕೂತು ಅವನನ್ನೇ ನೋಡುತ್ತಿತ್ತು.

ಅವನು ಎದ್ದು ಶೆಡ್ಡಿಗೆ ಹೋದ. ಏನಾದರೂ ಮಾಡಲು ಹೋದದ್ದಲ್ಲ. ಮಾಡಲು ಹೋಗಿದ್ದೆ ಎಂದು ಆಮೇಲೆ ತನಗೆ ತಾನೇ ಹೇಳಿಕೊಳ್ಳಲು ಹೋದದ್ದು. ಸೂಪರ್‌ವೈಸರ್ ಲೋಕೇಶ್ ಬ್ರಾಕೆಟ್ಟುಗಳ ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿಸುತ್ತಿದ್ದ.

"ಲೋಕೇಶ್, ಈ ಮೂಲೆಗೆ ಒಂದೊಂದು ಪ್ಲೇಟ್ ಹಾಕಬೇಕು ಅಂದ್ರೆ?"

"ಪೇಂಟ್ ಕೆರ್ದು, ವೆಲ್ಡಿಂಗ್ ಮಾಡಿ, ಮತ್ತೆ ಪೇಂಟ್ ಒಡೀಬೇಕು. ಎಲ್ಲಾಕ್ಕುವಾ? ಯಾರ್ ಯೋಳುದ್ರು ಸಾ?"

"ಯಾರೂ ಹೇಳಿಲ್ಲ. ಸುಮ್ನೆ ಕೇಳ್ದೆ."

"ಸುಮ್ನೆ ಅಂದ್ರೆ ಸುಮ್ಕಿರಿ ಸಾ. ಒಂದ್ ವಾರದಿಂದ ಮನೆ ಮಕ ನೋಡಿಲ್ಲ ನಮ್ ಹುಡುಗ್ರು."

ಮನೋಹರ ನಕ್ಕ. ಲೋಕೇಶನೂ ನಕ್ಕ. ಯಾಕೆ ನಕ್ಕರೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಕರ್ತವ್ಯ ಮುಗಿದ ಸಮಾಧಾನವನ್ನು ಹುಡುಕುತ್ತಾ ಮನೋಹರ ವಾಪಸ್ಸು ಬಂದ, ಅದು ಸಿಗಲಿಲ್ಲ.

ಮೇಜಿನ ಮೇಲೆ ಮೊಬೈಲ್ ಗುರ್ ಎನ್ನುತ್ತಿತ್ತು. ರಾಮನಗರದ ಮನೆಯಿಂದ ಪ್ರತಿಮಾ. ಅವನ ಹೆಂಡತಿ.

"ಸಾಯಂಕಾಲ ಒಸಿ ಬೇಗ ಬರ್ತೀರಾ? ಮಾತಾಡ್ಬೇಕಿತ್ತು."

"ಏನು ವಿಷಯ?"

"ಬಂದ್ಮೇಲೆ."

"ಹೂಂ."

"ಈ ಹೂಂ ನಿಜವಾದ ಹೂಂನಾ, ಫೋನ್ ಇಡೋಕೆ ಅಂದಿದ್ದಾ?"

"ಬರ್ತೀನಿ ಅಂದ್ನಲ್ಲ."

"ಅಂದಿಲ್ಲ ನೀವು. ಹೂಂ ಅಂದ್ರಿ," ಎಂದು ಅವಳು ಫೋನಿಟ್ಟಳು. ಅವಳು ಏನು ಮಾತಾಡಬೇಕೆಂದಿದ್ದಾಳೆ ಎಂದು ಯೋಚಿಸಲು ನೋಡಿದ. ಏನೂ ಹೊಳೆಯಲಿಲ್ಲ. ಹೊಳೆಯಲಿಲ್ಲವಲ್ಲ ಎಂದು ಬೇಸರವೂ ಆಗಲಿಲ್ಲ.

ಕೆಲಸ ಶುರು ಮಾಡಿದ. ಮೊದಲು ಚಿತ್ರದ ಮೇಲಿದ್ದ ಬಲೆಯಂಥ ಗೆರೆಗಳನ್ನು ಅಳಿಸಿದ. ಗೆರೆ ಇದ್ದರೆ ಜನ ಹತ್ತಿರ ಬಂದು ನೋಡುತ್ತಾರೆ. ಕಪ್ಪು ಹಿನ್ನೆಲೆ ತೆಗೆದು ಬಿಳಿ ಮಾಡಿದ. ಬಿಳುಪಿನ ಮೇಲೆ ಏನಿದ್ದರೂ ಆಸ್ಪತ್ರೆಯಷ್ಟು ಚೊಕ್ಕಟ. ಬಾಗುವಿಕೆಯನ್ನು ಐವತ್ತು ಪಟ್ಟು ಹಿಗ್ಗಿಸಿ ತೋರಿಸುವ ಸೆಟ್ಟಿಂಗನ್ನು ಒಂದಕ್ಕೆ ಇಳಿಸಿದ. ಅಲ್ಲಿಯವರೆಗೆ ಸೊಂಟ ಮುರಿದುಕೊಂಡು ನಿಂತಿದ್ದ ಬ್ರಾಕೆಟ್ ನೆಟ್ಟಗಾಯಿತು.

ಕೊನೆಗೆ ಬಣ್ಣದ ಪಟ್ಟಿ. ಮೇಲಿನ ಮಿತಿಯ ಜಾಗದಲ್ಲಿ ಇನ್ನೂರೈವತ್ತು ಎಂದಿತ್ತು. ಅದನ್ನು ಅಳಿಸಿ ನಾನೂರು ಎಂದು ಬರೆದ. ಕೆಂಪು ಹಳದಿಯಾಯಿತು. ಹಳದಿ ಇದ್ದರೆ ಪ್ರಶ್ನೆ ಬರುತ್ತದೆ. ಆರುನೂರು ಎಂದು ಬರೆದ. ಹಳದಿಯೂ ಕರಗಿ, ಮೂಲೆಯಲ್ಲಿ ಪೈರಿನಂಥ ತಂಪಾದ ಹಸಿರು ಕೂತಿತು. ಆರುನೂರನ್ನು ತಡೆಯುವ ಕಬ್ಬಿಣ ಆ ಶೆಡ್ಡಿಗೆ ಯಾವತ್ತೂ ಬಂದದ್ದಿಲ್ಲ.

ಲೆಕ್ಕದಲ್ಲಿ ಬಂದ ಒಂದೇ ಒಂದು ಅಂಕಿಯನ್ನೂ ನಾನು ತಿದ್ದಿಲ್ಲ, ಎಂದುಕೊಂಡ. ಮುನ್ನೂರ ಹತ್ತು ಎನ್ನುವುದು ಇನ್ನೂ ಅಲ್ಲೇ ಇದೆ, ಪಟ್ಟಿಯ ಕೆಳಗೆ. ಬೇಕಾದವರು ಓದಿಕೊಳ್ಳಬಹುದು. ಪಟ್ಟಿಯನ್ನು ಮಾತ್ರ ಎಳೆದು ಚಿತ್ರದ ತುದಿಗೆ ತಳ್ಳಿ, ಅಕ್ಷರದ ಗಾತ್ರವನ್ನು ಹದಿನಾಲ್ಕರಿಂದ ಎಂಟಕ್ಕೆ ಇಳಿಸಿದ. ಅವನ ಪ್ರಾಮಾಣಿಕತೆ ಅಲ್ಲಿ ಎಂಟರ ಗಾತ್ರದಲ್ಲಿ ಉಳಿಯಿತು.

"ಹಸ್ರು ಆಗೋಯ್ತಲ್ಲ ಸಾರ್!"

ಗುಲ್ಜಾರ್ ಬೀ ಟೀ ತಂದಿದ್ದಳು. ಆಫೀಸು ಗುಡಿಸಿ, ಟೀ ಮಾಡಿ ಕೊಡುವ ಹೆಂಗಸು. ಲೋಟ ಇಟ್ಟು ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ಪರದೆಯನ್ನು ನೋಡಿದಳು.

"ಬೆಳಿಗ್ಗೆ ಇಲ್ಲಿ ಕೆಂಪಗೆ ಇತ್ತು. ಏನಾಗಿತ್ತು ಸಾರ್ ಅದಕ್ಕೆ?"

"ಅಲ್ಲಿ ವೀಕ್ ಇತ್ತು."

"ಈಗ?"

ಟೀ ಮೇಲೆ ಕೆನೆ ಕಟ್ಟುತ್ತಿತ್ತು. "ಸರಿ ಮಾಡ್ದೆ," ಎಂದ.

"ಒಳ್ಳೇದಾಯ್ತು ಬುಡಿ. ನಮ್ ಮಗ್ಳು ಅಮೀರುನ್ನೀಸಾ ಇವತ್ತಿಂದ ಈ ಹೊಸಾ ಬಸ್ಸಲ್ಲೇ ಹೋಗದು. ಹಳೇ ಬಸ್ಸಿನ ಮೆಟ್ಲು ಎತ್ರ ಸಾರ್, ಏಳು ತಿಂಗಳ ಬಸುರಿ, ಹತ್ತಕ್ಕೆ ಆಯ್ತಿರಲಿಲ್ಲ. ಸೀಟು ಸಿಗಲ್ಲ, ಬಾಗ್ಲಲ್ಲೇ ನಿಂತ್ಕತಾಳೆ. ಗಟ್ಟಿ ಐತೆ ತಾನೆ?"

"ಹೂಂ."

"ನೀವು ಮಾಡಿದ್ದು ಅಂದ್ಮೇಲೆ ಇನ್ನೇನು."

ಅವಳು ಹೋದಳು. ಮನೋಹರ ಟೀ ಲೋಟವನ್ನು ಪಕ್ಕಕ್ಕೆ ಸರಿಸಿದ. ಅವಳನ್ನು ಕೂಗಿ ಕರೆಯಬೇಕೆನಿಸಿತು. ಕರೆದು ಏನು ಹೇಳುವುದು? ಮಗಳಿಗೆ ಬೇರೆ ಬಸ್ಸಿಗೆ ಹೋಗಲು ಹೇಳು ಎಂದೇ? ಹಾಗೆ ಹೇಳಿದರೆ ಒಬ್ಬಳು ಮಾತ್ರ ಇಳಿದು, ಉಳಿದವರೆಲ್ಲ ಅಲ್ಲೇ ನಿಂತಿರುತ್ತಾರೆ. ಅದು ಅನ್ಯಾಯವಲ್ಲವೇ ಎಂದು ತನ್ನನ್ನು ತಾನೇ ಕೇಳಿಕೊಂಡ. ಇಂಥ ಸೂಕ್ಷ್ಮವಾದ ನ್ಯಾಯದ ಪ್ರಶ್ನೆಗಳು ಅವನಿಗೆ ಬಾಯಿ ಬಿಡಬೇಕಾದ ಹೊತ್ತಿಗೇ ಸರಿಯಾಗಿ ಹೊಳೆಯುತ್ತಿದ್ದವು.

ರುದ್ರಪ್ರಸಾದ್ ಹೇಳಿದ್ದಕ್ಕಿಂತ ತಡವಾಗಿ ಬಂದರು. ಬಸ್ಸು ಕಟ್ಟುವ ಕಂಪನಿಯ ಕಡೆಯಿಂದ ಒಪ್ಪಿಗೆ ಕೊಡಬೇಕಾದವರು. ಬೆಂಗಳೂರಿನವರು, ಕೊರಳಲ್ಲಿ ಡಿಜಿಟಲ್ ಕ್ಯಾಮೆರಾ ನೇತುಹಾಕಿಕೊಂಡಿದ್ದರು. ಹೊರಗೆ ಹೊಸ ಬಸ್ಸು ಬಂದು ನಿಂತಿತ್ತು. ಒಪ್ಪಿಗೆಗೆ ಮುಂಚೆಯೇ ಅದಕ್ಕೆ ಬ್ರಾಕೆಟ್ಟೂ ಫುಟ್‌ಬೋರ್ಡೂ ಕೂರಿಸಿ ಆಗಿತ್ತು.

ಕಿಟಕಿಗೆ ಪರದೆ ಎಳೆದು, ಪ್ರೊಜೆಕ್ಟರಿನಿಂದ ಚಿತ್ರವನ್ನು ಗೋಡೆಯ ಮೇಲೆ ಬಿಟ್ಟರು. ಹಸಿರು ಬ್ರಾಕೆಟ್ ಮನುಷ್ಯನೆತ್ತರಕ್ಕೆ ಬೆಳೆದು ನಿಂತಿತು. ಚನ್ನಬಸವಯ್ಯ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು.

"ಎಲ್ಲೂ ಒಂದ್ ಚೂರು ಕೆಂಪಿಲ್ಲ, ನೋಡ್ಕಳಿ ಸಾರ್."

ರುದ್ರಪ್ರಸಾದ್ ಎದ್ದರು. ಗೋಡೆಯ ಹತ್ತಿರ ಹೋಗಿ, ಕನ್ನಡಕ ಹಾಕಿಕೊಂಡು, ತುದಿಯಲ್ಲಿದ್ದ ಬಣ್ಣದ ಪಟ್ಟಿಯ ಮುಂದೆ ಬಗ್ಗಿ ನಿಂತರು. ಮನೋಹರನ ಎದೆ ಡವಗುಟ್ಟತೊಡಗಿತು. ಭಯದಿಂದ ಎಂದುಕೊಂಡ, ಮರುಗಳಿಗೆಗೆ ಗೊತ್ತಾಯಿತು, ಅದು ಆಸೆ. ಓದಿಬಿಡಲಿ. ಓದಿ, ತಿರುಗಿ, ಏನ್ರೀ ಇದು ಮೋಸ ಎಂದು ಎಲ್ಲರೆದುರು ಕೂಗಾಡಲಿ. ಸಿಕ್ಕಿಬೀಳುವುದಕ್ಕಾಗಿ ಅವನು ಇಷ್ಟೊಂದು ಹಂಬಲಿಸಿದ್ದು ಹಿಂದೆಂದೂ ಇರಲಿಲ್ಲ.

ರುದ್ರಪ್ರಸಾದ್ ತಿರುಗಿದರು. ಅವರ ಕಣ್ಣು ಮನೋಹರನ ಮೇಲೆ ಒಂದು ಕ್ಷಣ ನಿಂತಿತು.

"ಈ ಜಾಗದಲ್ಲಿ ನಮ್ಮ ಕಂಪನಿ ಲೋಗೋ ಬರಲಿ," ಎಂದರು.

"ಅಲ್ಲಿ ಪಟ್ಟಿ ಇದೆ ಸಾರ್."

"ಪಟ್ಟಿ ತೆಗೆದುಬಿಡಿ. ಚಿತ್ರವೇ ಎಲ್ಲ ಹೇಳುತ್ತಲ್ಲ."

"ಅದರಲ್ಲಿ ನಂಬರ್ ಇರುತ್ತೆ."

"ನಂಬರ್ ಯಾರು ಓದ್ತಾರೆ? ನಿಮ್ಮ ಅಭಿಪ್ರಾಯ ಏನು, ಸರಿಯಾಗಿದೆ ತಾನೆ?"

ಚನ್ನಬಸವಯ್ಯ ಮನೋಹರನತ್ತ ನೋಡಿ ಮುಗುಳ್ನಗುತ್ತಿದ್ದರು, ಅದೇ ಹಾಳು ನಂಬಿಕೆಯಿಂದ.

"ಚಿತ್ರದಲ್ಲಿ ಸರಿಯಾಗಿದೆ ಸಾರ್," ಎಂದ ಮನೋಹರ.

"ಗುಡ್."

ಅವನು ಪಟ್ಟಿಯನ್ನು ತೆಗೆದ. ಒಂದು ಗುಂಡಿ ಒತ್ತಿದ್ದಷ್ಟೆ. ಈಗ ಗೋಡೆಯ ಮೇಲೆ ಬರೀ ಹಸಿರಿತ್ತು, ಯಾವುದರ ಹಸಿರು ಎಂದು ಕೇಳಲು ಏನೂ ಉಳಿದಿರಲಿಲ್ಲ.

ಹೊರಗೆ ಬಿಸಿಲು ಇಳಿದಿತ್ತು. ಚನ್ನಬಸವಯ್ಯನವರ ಹೆಂಡತಿ ಚನ್ನಬಸಮ್ಮ ಬಸ್ಸಿನ ಪೂಜೆಗೆಂದು ಮಾಗಡಿಯಿಂದ ಬಂದಿದ್ದರು. ಗಾಜಿಗೆ ಹಾರ ಹಾಕಿ, ಚಕ್ರಗಳಿಗೆ ನಿಂಬೆಹಣ್ಣು ಇಟ್ಟು, ವಿಭೂತಿ ಎಳೆದು, ಹಿಂಬಾಗಿಲಿಗೆ ಬಂದರು. "ಹೊಸಾದು ಯಾವ್ದು?" ಎಂದು ಕೇಳಿದರು. ಲೋಕೇಶ್ ಬ್ರಾಕೆಟ್ಟು ತೋರಿಸಿದ. ಅವರು ಬಗ್ಗಿ, ಕುಂಕುಮದ ಬೆರಳನ್ನು ಬೆಸುಗೆಯ ಮೂಲೆಗೇ ಒತ್ತಿದರು. ಬೆಳಗಿನಿಂದ ಮನೋಹರ ಕಷ್ಟಪಟ್ಟು ತೆಗೆದದ್ದನ್ನು ಆಯಮ್ಮ ಒಂದೇ ಬೆರಳಿನಲ್ಲಿ ಅದೇ ಜಾಗದಲ್ಲಿ ವಾಪಸ್ಸು ಇಟ್ಟರು, ಅದೂ ಭಕ್ತಿಯಿಂದ. ಅವನಿಗೆ ನಗು ಬಂತು. ನಗುವನ್ನು ಕೆಮ್ಮು ಮಾಡಿಕೊಂಡ.

"ಎಲ್ರೂ ಹತ್ತಿ, ಹತ್ತಿ, ಪೋಟೊ!" ಚನ್ನಬಸವಯ್ಯ ತಾವೇ ಮೊದಲು ಫುಟ್‌ಬೋರ್ಡ್ ಹತ್ತಿದರು. ಹೆಂಡತಿಯನ್ನು ಕೈಹಿಡಿದು ಹತ್ತಿಸಿಕೊಂಡರು. ಲೋಕೇಶ್ ಹತ್ತಿದ, ವೆಲ್ಡಿಂಗಿನವರು ಹತ್ತಿದರು, ಗುಲ್ಜಾರ್ ಬೀಯನ್ನೂ ಎಳೆದುಕೊಂಡರು. ಕಂಪ್ಯೂಟರಿನಲ್ಲಿ ಮನೋಹರ ಹಾಕಿದ್ದ ಭಾರವೇ ಈಗ ಒತ್ತೊತ್ತಾಗಿ ನಿಂತು ಹಲ್ಲು ಕಿಸಿಯುತ್ತಿತ್ತು.

"ನೀವೂ ಬನ್ನಿ ಸಾರ್," ಎಂದರು ಚನ್ನಬಸವಯ್ಯ.

"ಬೇಡ ಬೇಡ," ರುದ್ರಪ್ರಸಾದ್ ಎರಡು ಹೆಜ್ಜೆ ಹಿಂದಕ್ಕೆ ಸರಿದು ಕ್ಯಾಮೆರಾ ಕಣ್ಣಿಗೆ ಹಿಡಿದರು. "ನಾನು ತೆಗೀತೀನಿ."

ಹಾಗಾದರೆ ಆ ನಂಬರ್ ಓದಿದ್ದಾರೆ. ಮನೋಹರನಿಗೆ ಖಾತ್ರಿಯಾಯಿತು. ಓದಿಯೇ ಲೋಗೋ ಕೇಳಿದ್ದು. ಅವರ ಮೇಲೆ ಸಿಟ್ಟು ಬರಬೇಕಾಗಿತ್ತು. ಬಂದದ್ದು ಮಾತ್ರ ಒಂದು ಬಗೆಯ ಅಸಹ್ಯವಾದ ಸಲಿಗೆ.

"ಮನೋಹರ್, ಏನ್ರೀ ಅಲ್ಲೇ ನಿಂತ್ರಿ? ನೀವಿಲ್ದೆ ಎಂಥಾ ಪೋಟೊ?"

ಅವನು ತುದಿಯಲ್ಲಿ ಹತ್ತಿದ. ಕೈಗೆ ಕಂಬಿ ಸಿಕ್ಕಿತು. ಕಾಲ ಕೆಳಗೆ ಫುಟ್‌ಬೋರ್ಡ್ ಬಂಡೆಯ ಹಾಗೆ ಗಟ್ಟಿಯಾಗಿತ್ತು. ಆಗ ಅವನಿಗೆ ಒಂದು ಯೋಚನೆ ಬಂತು, ಇಡೀ ದಿನದಲ್ಲಿ ಬಂದ ಒಂದೇ ಪ್ರಾಮಾಣಿಕ ಯೋಚನೆ: ಈಗಲೇ ಮುರಿದುಬಿಡಲಿ. ಬಸ್ಸು ನಿಂತಿದೆ, ನೆಲ ಹತ್ತಿರವಿದೆ, ಯಾರಿಗೂ ಏನೂ ಆಗುವುದಿಲ್ಲ. ಎಲ್ಲರೂ ಬಿದ್ದು ಎದ್ದು ಮೈ ಒರೆಸಿಕೊಳ್ಳುತ್ತಾರೆ. ಅಮೀರುನ್ನೀಸಾ ಹತ್ತುವುದಿಲ್ಲ. ತಾನು ಬಾಯಿ ಬಿಡುವ ಅಗತ್ಯವೂ ಇರುವುದಿಲ್ಲ.

ಅವನು ಕಂಬಿ ಹಿಡಿದು ಜೋರಾಗಿ ಕುಪ್ಪಳಿಸಿದ. ಧಡ್ ಎಂದಿತು. ಏನೂ ಆಗಲಿಲ್ಲ.

"ನೋಡ್ರಪ್ಪಾ, ನಮ್ ಎಂಜಿನಿಯರ್ರು ಟೆಸ್ಟ್ ಮಾಡ್ತಾವ್ರೆ!" ಎಂದರು ಚನ್ನಬಸವಯ್ಯ. ಎಲ್ಲರೂ ಹೋ ಎಂದು ನಕ್ಕು ಚಪ್ಪಾಳೆ ತಟ್ಟಿದರು. ಮನೋಹರ ಹಲ್ಲು ಕಚ್ಚಿ, ಕಂಬಿ ಬಿಟ್ಟು, ಮೈಯ ಭಾರವನ್ನೆಲ್ಲ ಕಾಲಿಗೆ ತಂದುಕೊಂಡು ಮತ್ತೊಮ್ಮೆ ಹಾರಿದ. ಕ್ಯಾಮೆರಾ ಕ್ಲಿಕ್ ಎಂದಿತು. ಅವನು ಕೆಳಗೆ ಬಂದಾಗ ಫುಟ್‌ಬೋರ್ಡ್ ಅವನನ್ನು ಸಲೀಸಾಗಿ ಹೊತ್ತುಕೊಂಡಿತು.

ಪಕ್ಕದ ಗಾರ್ಮೆಂಟ್ಸಿನಲ್ಲಿ ಕೆಲಸ ಬಿಟ್ಟು, ಹೆಂಗಸರು ಟಿಫನ್ ಬ್ಯಾಗು ಹಿಡಿದು ಬಂದರು. ಡ್ರೈವರ್ ಸಮದ್ ಹಾರನ್ ಹೊಡೆದ. ಫೋಟೋದವರು ಇಳಿದರು, ಹೆಂಗಸರು ಹತ್ತಿದರು. ಅವರಲ್ಲಿ ಗುಲ್ಜಾರ್ ಬೀಯ ಮಗಳು ಯಾರು ಎಂದು ಮನೋಹರ ಕಣ್ಣಲ್ಲೇ ಹುಡುಕಿದ. ಒಬ್ಬಳು ಬಸುರಿ ಮೆಟ್ಟಿಲ ಮೇಲೆ ಕಾಲಿಟ್ಟು, "ಎಷ್ಟ್ ಸಲೀಸಾಗೈತೆ!" ಎಂದು ಪಕ್ಕದವಳಿಗೆ ಹೇಳಿ, ಬಾಗಿಲಲ್ಲೇ ನಿಂತಳು. ಅವನ ಬಾಯಿ ತೆರೆದುಕೊಂಡಿತು.

"ಮನೋಹರ್, ಇಲ್ನೋಡಿ," ರುದ್ರಪ್ರಸಾದ್ ಕರೆದರು.

ಕ್ಯಾಮೆರಾದ ಪುಟ್ಟ ಪರದೆಯ ಮೇಲೆ ಎಲ್ಲರೂ ಸ್ಪಷ್ಟವಾಗಿ ಬಂದಿದ್ದರು. ತುದಿಯಲ್ಲಿ ಮಾತ್ರ ಒಂದು ಕಲಸಿಹೋದ ಆಕಾರ. ಮುಖವಿಲ್ಲ, ಕಾಲುಗಳು ಫುಟ್‌ಬೋರ್ಡಿನ ಮೇಲೂ ಇಲ್ಲ, ನೆಲದ ಮೇಲೂ ಇಲ್ಲ.

"ಇದೇನ್ರೀ, ದೆವ್ವದಂಗೆ ಬಂದಿದ್ದೀರಿ!" ಚನ್ನಬಸವಯ್ಯ ಬಗ್ಗಿ ನೋಡಿದರು. "ಪರ್ವಾಗಿಲ್ಲ ಬುಡಿ, ಆ ಮೂಲೆ ಕತ್ತರಿಸ್ಬುಟ್ರೆ ಆಯ್ತು. ನೀವೇ ಮಾಡಿ, ಇದೆಲ್ಲ ನಿಮ್ಗೆ ಚೆನ್ನಾಗಿ ಬತ್ತದಲ್ಲ."

ರುದ್ರಪ್ರಸಾದ್ ಕ್ಯಾಮೆರಾವನ್ನು ಅವನ ಕೈಗೆ ಕೊಟ್ಟರು. ಹಿಂದೆ ಬಸ್ಸು ಹೊರಟಿತು. ನಿಂಬೆಹಣ್ಣುಗಳು ಚಕ್ರದಡಿ ಪಚಕ್ಕೆಂದ ಸದ್ದು ಕೇಳಿಸಿತು. ಮನೋಹರ ತಿರುಗಿ ನೋಡಲಿಲ್ಲ. ಗುಂಡಿ ಒತ್ತಿದ. ಚಿತ್ರ ಹಿಗ್ಗಿತು. ತುದಿಯ ಆಕಾರ ಅರ್ಧ ಹೊರಗೆ ಹೋಗಿ, ಒಂದು ಮೊಣಕೈ ಉಳಿಯಿತು. ಇನ್ನೊಮ್ಮೆ ಒತ್ತಿದ. ಮೊಣಕೈಯೂ ಹೋಯಿತು.

"ಸರಿಯಾಯ್ತಾ?" ಎಂದರು ರುದ್ರಪ್ರಸಾದ್.

ಅವನು ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದ. ತಾನಿಲ್ಲದ ಫುಟ್‌ಬೋರ್ಡಿನ ಮೇಲೆ ಎಲ್ಲರೂ ಗಟ್ಟಿಯಾಗಿ ನಿಂತು ನಗುತ್ತಿದ್ದರು.

"ಈಗ ಸರಿಯಾಯ್ತು," ಎಂದ.